ಅರ್ಹತಾ ಗುಂಪು: ಕಂಠೀರವದಿಂದ ಒಡೆಯರಪಾಳ್ಯದವರೆಗೆ

2015ರ ಜೂನ್ 16ರಂದು ಗುವಾಮ್ ಎಂಬ ದ್ವೀಪದ ತಂಡ ಭಾರತವನ್ನು 2–1 ಗೋಲುಗಳಿಂದ ಸೋಲಿಸಿತು. ಅದು ವಿಶ್ವಕಪ್ ಫುಟ್‌ಬಾಲ್‌ನ ಅರ್ಹತಾ ಪಂದ್ಯ. ಪೆಸಿಫಿಕ್ ಸಾಗರದ ಆ ದ್ವೀಪದಲ್ಲಿ ಇರುವವರು ಸುಮಾರು 1.6 ಲಕ್ಷ ಜನ. 2011ರ ಜನಗಣತಿಯಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಜನಸಂಖ್ಯೆಯೇ 10 ಲಕ್ಷ ದಾಟಿತ್ತು. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯನ್ನಷ್ಟೇ ಲೆಕ್ಕ ಹಿಡಿದರೂ ಗುವಾಮ್‌ಗಿಂತ ಹೆಚ್ಚು ಜನ ಇಲ್ಲಿದ್ದಾರೆ. ‘ಇಷ್ಟು ಕೋಟಿ ಜನರಲ್ಲಿ ಹನ್ನೊಂದು ಆಟಗಾರರು ಸಿಗಲಿಲ್ಲವೇ’ ಎಂದು ಆಗ ಎಲ್ಲರೂ ಕೇಳಿದರು. ಈಗಲೂ ಕೇಳುತ್ತಾರೆ.

ಆ ಪ್ರಶ್ನೆ ನಮ್ಮನ್ನು ಎಲ್ಲಿಗೂ ಒಯ್ಯುವುದಿಲ್ಲ. ಒಂದು ನಾಡಿನಲ್ಲಿ ಎಷ್ಟು ಜನ ಇದ್ದಾರೆ ಎನ್ನುವುದರಿಂದ ಫುಟ್‌ಬಾಲ್ ಬೆಳೆಯುವುದಿಲ್ಲ. ಎಷ್ಟು ಜನರಿಗೆ ವಾರವಾರವೂ ಆಡಲು ಪಂದ್ಯಗಳಿವೆ ಎನ್ನುವುದರಿಂದ ಬೆಳೆಯುತ್ತದೆ. ಅಂತರರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳ ಅರ್ಹತಾ ಗುಂಪು ಎಂಬ ವ್ಯವಸ್ಥೆ ನಿಂತಿರುವುದೇ ಈ ತಿಳಿವಳಿಕೆಯ ಮೇಲೆ. ಆ ಗುಂಪುಗಳಲ್ಲಿ ಭಾರತ ಏನು ಮಾಡಿದೆ, ಅದರಲ್ಲಿ ಬೆಂಗಳೂರಿನ ಪಾಲೆಷ್ಟು, ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿರುವ ಟಿಬೆಟನ್ನರಿಗೆ ಯಾವ ಗುಂಪೂ ಏಕಿಲ್ಲ, ನಮ್ಮ ಮೂರು ತಾಲ್ಲೂಕುಗಳ ಹುಡುಗರು ಈ ಏಣಿಯ ಕೆಳಗಿನ ಮೆಟ್ಟಿಲನ್ನೂ ಏಕೆ ಕಾಣುತ್ತಿಲ್ಲ — ಇವು ಬೇರೆ ಬೇರೆ ಪ್ರಶ್ನೆಗಳಂತೆ ಕಂಡರೂ ಒಂದೇ ಪ್ರಶ್ನೆಯ ಮೂರು ನಾಲ್ಕು ಮುಖಗಳು. ಹಾಗೆಂದೇ ಒಟ್ಟಿಗೆ ನೋಡಬೇಕು.

ಗುಂಪಿನ ಲೆಕ್ಕಾಚಾರ ಸರಳ. ನಾಲ್ಕು ತಂಡಗಳ ಗುಂಪಾದರೆ ಪ್ರತಿ ತಂಡಕ್ಕೂ ಆರು ಪಂದ್ಯ: ಮೂರು ತನ್ನ ನೆಲದಲ್ಲಿ, ಮೂರು ಎದುರಾಳಿಯ ನೆಲದಲ್ಲಿ. ಐದು ತಂಡಗಳಾದರೆ ಎಂಟು. ಗೆದ್ದರೆ 3 ಪಾಯಿಂಟ್, ಡ್ರಾ ಆದರೆ 1. ಒಂದು ದಿನದ ಮಳೆ, ಒಂದು ಕೆಟ್ಟ ತೀರ್ಪು, ಒಬ್ಬ ಗೋಲಿಯ ಒಂದು ಎಡವಟ್ಟು ಇಡೀ ತಂಡದ ಹಣೆಬರಹವನ್ನು ಬರೆದುಬಿಡುವಂತಿಲ್ಲ. ತಿದ್ದಿಕೊಳ್ಳಲು ಇನ್ನೂ ಪಂದ್ಯಗಳಿರುತ್ತವೆ. ಒಂದೂವರೆ ವರ್ಷದಲ್ಲಿ ಬಿಸಿಲಲ್ಲಿ, ಚಳಿಯಲ್ಲಿ, ಪರದೇಶದ ಗದ್ದಲದಲ್ಲಿ ಆಡಿ ಬಂದ ಮೇಲೆ ಯಾರು ಎಲ್ಲಿ ನಿಲ್ಲುತ್ತಾರೋ ಅದು ಹೆಚ್ಚುಕಡಿಮೆ ಅವರ ನಿಜವಾದ ಸ್ಥಾನ. ನಾಕೌಟ್‌ಗಿಂತ ಗುಂಪು ನ್ಯಾಯವಾದದ್ದು ಎಂದು ನಾನು ನಂಬುವುದು ಇದಕ್ಕಾಗಿ.

ಭಾರತಕ್ಕೆ ಸಿಕ್ಕ ಮೊದಲ ಗುಂಪು 1950ರ ವಿಶ್ವಕಪ್‌ನದು. ಗುಂಪು 10ರಲ್ಲಿ ಭಾರತದ ಜೊತೆ ಬರ್ಮಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಇದ್ದವು. ಮೂವರೂ ಹಿಂದೆ ಸರಿದರು. ಒಂದೂ ಪಂದ್ಯ ಆಡದೆ ಭಾರತ ಬ್ರೆಜಿಲ್‌ಗೆ ಅರ್ಹವಾಯಿತು. ಸ್ವೀಡನ್, ಇಟಲಿ, ಪರಾಗ್ವೆಗಳ ಗುಂಪಿನಲ್ಲಿ ಹೆಸರೂ ಬಂತು. ಆದರೆ ತಂಡ ಹೋಗಲೇ ಇಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲವೆಂದು ಹೋಗಲಿಲ್ಲ ಎಂಬ ಕತೆ ಊರೂರಿನಲ್ಲೂ ಇದೆ. ಅಂದಿನ ಆಡಳಿತಗಾರರಿಗೆ ಒಲಿಂಪಿಕ್ಸ್ ಮುಂದೆ ವಿಶ್ವಕಪ್ ದೊಡ್ಡದಾಗಿ ಕಾಣಲಿಲ್ಲ ಎನ್ನುವುದೇ ಹೆಚ್ಚು ಒಪ್ಪುವ ಮಾತು. ಆ ಒಲಿಂಪಿಕ್ಸ್‌ನಲ್ಲಿ ನಮ್ಮ ನಾಡಿನವರ ಪಾತ್ರ ಸಣ್ಣದಲ್ಲ. 1948ರ ಲಂಡನ್ ಕ್ರೀಡೆಗಳಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದ ಅಹ್ಮದ್ ಖಾನ್ ಕೂಡ ಬೆಂಗಳೂರಿನ ಹುಡುಗ.

ಆಮೇಲೆ ಮೂವತ್ತೈದು ವರ್ಷ ಭಾರತ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಒಂದೂ ಪಂದ್ಯ ಆಡಲಿಲ್ಲ. 1985ರಲ್ಲಿ ಮತ್ತೆ ಇಳಿದಾಗ ಇಂಡೋನೇಷ್ಯಾ, ಥಾಯ್ಲೆಂಡ್, ಬಾಂಗ್ಲಾದೇಶಗಳ ಗುಂಪಿನಲ್ಲಿ ಎರಡನೆಯ ಸ್ಥಾನ ಪಡೆಯಿತು. ಬೇರೆ ದೇಶಗಳು ಅಷ್ಟರಲ್ಲಿ ಸುತ್ತಿನ ಮೇಲೆ ಸುತ್ತು ಆಡಿ ಮುಂದೆ ಹೋಗಿದ್ದವು.

2001ರ ಬೇಸಿಗೆಯನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು. 2002ರ ವಿಶ್ವಕಪ್‌ಗಾಗಿ ಭಾರತ, ಯುಎಇ, ಯೆಮನ್, ಬ್ರೂನೈ ಒಂದೇ ಗುಂಪಿನಲ್ಲಿದ್ದವು. ಸುಖ್ವಿಂದರ್ ಸಿಂಗ್ ತರಬೇತುದಾರ. ತವರಿನ ಪಂದ್ಯಗಳಿಗೆ ಆರಿಸಿಕೊಂಡದ್ದು ಬೆಂಗಳೂರನ್ನು. ಏಪ್ರಿಲ್ 8ರಂದು ಜೂಲ್ಸ್ ಆಲ್ಬರ್ಟೊ ಹೊಡೆದ ಒಂದೇ ಗೋಲಿನಿಂದ ಭಾರತ ಯುಎಇಯನ್ನು ಸೋಲಿಸಿತು. ಯುಎಇ ಎಂದರೆ 1990ರ ವಿಶ್ವಕಪ್ ಆಡಿದ್ದ ದೇಶ. ಒಂದು ವಾರದ ನಂತರ ಯೆಮನ್ ಜೊತೆ 1–1 ಡ್ರಾ. ಬ್ರೂನೈಯನ್ನು ಎರಡೂ ಕಡೆ ಸೋಲಿಸಿದ್ದಾಯಿತು. ಯೆಮನ್ನಿನಲ್ಲಿ 3–3. ಯುಎಇಯ ನೆಲದಲ್ಲಿ 0–1 ಸೋಲು. ಕೊನೆಗೆ ಯುಎಇಗೆ 12 ಪಾಯಿಂಟ್, ಯೆಮನ್‌ಗೆ 11, ಭಾರತಕ್ಕೆ 11. ಆರು ಪಂದ್ಯಗಳಲ್ಲಿ ಸೋತದ್ದು ಒಂದೇ. ಬೆಂಗಳೂರಿನಲ್ಲಿ ಯೆಮನ್ ವಿರುದ್ಧದ ಆ ಒಂದು ಡ್ರಾ ಗೆಲುವಾಗಿದ್ದರೆ ಗುಂಪಿನ ಮೊದಲ ಸ್ಥಾನ ನಮ್ಮದು. ಭಾರತದ ವಿಶ್ವಕಪ್ ಅರ್ಹತಾ ಇತಿಹಾಸದಲ್ಲಿ ಪಂದ್ಯ ಆಡಿ ಬಾಗಿಲ ಹತ್ತಿರ ಹೋದದ್ದು ಇದೊಂದೇ ಸಲ ಎನ್ನಬಹುದು. ನಮ್ಮ ಕ್ರೀಡಾ ಬರಹಗಳಲ್ಲಿ ಆ ಗುಂಪಿಗೆ ಇನ್ನೂ ಹೆಚ್ಚು ಜಾಗ ಸಿಗಬೇಕಿತ್ತು. ಅದೇ ವರ್ಷ ಕೋಲ್ಕತ್ತದಲ್ಲಿ ಆಸ್ಟ್ರೇಲಿಯಾ ವಿರುದ್ಧ ನಡೆದ ಕ್ರಿಕೆಟ್ ಟೆಸ್ಟ್ ಪಂದ್ಯ ಎಲ್ಲರಿಗೂ ನೆನಪಿದೆ. ತಿಂಗಳೊಳಗೆ ಬೆಂಗಳೂರಿನಲ್ಲಿ ಯುಎಇ ವಿರುದ್ಧ ದಕ್ಕಿದ ಗೆಲುವು ಯಾರಿಗೂ ನೆನಪಿಲ್ಲ.

ಹದಿನಾಲ್ಕು ವರ್ಷದ ನಂತರ ವಿಶ್ವಕಪ್ ಅರ್ಹತಾ ಗುಂಪು ಮತ್ತೆ ಬೆಂಗಳೂರಿಗೆ ಬಂತು, ಶ್ರೀ ಕಂಠೀರವ ಕ್ರೀಡಾಂಗಣಕ್ಕೆ. 2018ರ ವಿಶ್ವಕಪ್‌ನ ಗುಂಪು ಡಿ: ಇರಾನ್, ಒಮಾನ್, ತುರ್ಕ್‌ಮೆನಿಸ್ತಾನ್, ಗುವಾಮ್, ಭಾರತ. 2015ರ ಜೂನ್ 11ರಂದು ಒಮಾನ್ ಪಂದ್ಯ ಶುರುವಾಗಿ ಜನ ಕೂರುವಷ್ಟರಲ್ಲಿ, ಮೊದಲ ನಿಮಿಷದಲ್ಲೇ, ಗೋಲು ಬಿಟ್ಟುಕೊಟ್ಟೆವು. ಸುನಿಲ್ ಛೆಟ್ರಿ ಸಮ ಮಾಡಿದರು. ಪೆನಾಲ್ಟಿಯಲ್ಲಿ ಒಮಾನ್ ಮತ್ತೆ ಮುಂದೆ ಹೋಗಿ 2–1ರಿಂದ ಗೆದ್ದಿತು. ಸೆಪ್ಟೆಂಬರ್‌ನಲ್ಲಿ ಇರಾನ್ ಅಲ್ಲೇ 3–0ಯಿಂದ ಗೆದ್ದು ಹೋಯಿತು. ನವೆಂಬರ್ 12ರಂದು ಗುವಾಮ್ ವಿರುದ್ಧ ರಾಬಿನ್ ಸಿಂಗ್ ಗೋಲಿನಿಂದ 1–0 ಗೆಲುವು. ಮೊದಲರ್ಧ ಮುಗಿಯುವ ಮೊದಲೇ ಒಬ್ಬ ಆಟಗಾರ ಕೆಂಪು ಕಾರ್ಡ್ ಪಡೆದು ಹೊರಗೆ ಹೋದ ಮೇಲೆ ಹತ್ತು ಜನರೇ ಉಳಿದ ಹೊತ್ತೆಲ್ಲ ಆ ಗೋಲನ್ನು ಕಾಯ್ದುಕೊಂಡರು. ಎಂಟು ಪಂದ್ಯಗಳಲ್ಲಿ ಗೆದ್ದದ್ದು ಅದೊಂದೇ. ಇರಾನ್ 20, ಒಮಾನ್ 14, ತುರ್ಕ್‌ಮೆನಿಸ್ತಾನ್ 13, ಗುವಾಮ್ 7, ಭಾರತ 3. ಹೊಡೆದ ಗೋಲು 5, ಬಿಟ್ಟುಕೊಟ್ಟದ್ದು 18.

ಗುವಾಮ್‌ನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಸ್ವತಂತ್ರ ದೇಶವಲ್ಲ, ಅಮೆರಿಕದ ಆಡಳಿತದಲ್ಲಿರುವ ದ್ವೀಪ. ಅಲ್ಲಿನ ಜನ ಅಮೆರಿಕದ ಪ್ರಜೆಗಳು. ಅಮೆರಿಕದಲ್ಲಿ ಹುಟ್ಟಿ ಬೆಳೆದ, ದ್ವೀಪದ ಮೂಲದ ಹುಡುಗರನ್ನು ಹುಡುಕಿ ತಂದು ತಂಡ ಕಟ್ಟಿದರು. ಭಾರತಕ್ಕೆ ಅದನ್ನು ಮಾಡಲಾಗಲಿಲ್ಲ. 2008ರಿಂದ ನಮ್ಮ ಸರ್ಕಾರದ ನೀತಿಯಂತೆ ಭಾರತದ ಪಾಸ್‌ಪೋರ್ಟ್ ಇದ್ದವರಷ್ಟೇ ದೇಶಕ್ಕೆ ಆಡಬಹುದು. ಈ ಪಾಸ್‌ಪೋರ್ಟ್ ಮಾತು ಒಡೆಯರಪಾಳ್ಯಕ್ಕೆ ಹೋದಾಗ ಮತ್ತೆ ಬರುತ್ತದೆ.

ಗುಂಪು ಡಿಯ ಅವಮಾನ ಮುಗಿದ ಒಂದೇ ವರ್ಷಕ್ಕೆ ಅದೇ ತರಬೇತುದಾರ ಸ್ಟೀಫನ್ ಕಾನ್‌ಸ್ಟಂಟೈನ್, ಹೆಚ್ಚುಕಡಿಮೆ ಅದೇ ಆಟಗಾರರು, ಅದೇ ಕಂಠೀರವದಲ್ಲಿ ಬೇರೆಯೇ ಫಲ ತಂದರು. 2019ರ ಏಷ್ಯಾ ಕಪ್ ಅರ್ಹತೆಯ ಗುಂಪು ಎ: ಭಾರತ, ಕಿರ್ಗಿಸ್ತಾನ್, ಮ್ಯಾನ್ಮಾರ್, ಮಕಾವ್. ಯಾಂಗೂನ್‌ನಲ್ಲಿ 90ನೆಯ ನಿಮಿಷದಲ್ಲಿ ಛೆಟ್ರಿ ಗೋಲು, 1–0. 2017ರ ಜೂನ್ 13ರಂದು ಬೆಂಗಳೂರಿನಲ್ಲಿ ಕಿರ್ಗಿಸ್ತಾನ್. ಆ ಸಂಜೆಯ ಗೋಲನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. 69ನೆಯ ನಿಮಿಷ, ಅಲ್ಲಿಯವರೆಗೆ ಎರಡೂ ಕಡೆ ಸೊನ್ನೆ. ಮೈದಾನದ ನಡುಭಾಗದಲ್ಲಿ ಛೆಟ್ರಿ ಚೆಂಡು ಹಿಡಿದರು. ಮುಂದೆ ಪಾಸ್ ಕೊಡಲು ಯಾರೂ ಇಲ್ಲದೆ ತಾವೇ ಓಡಿದರು, ಎದುರು ಬಂದವರನ್ನು ತಪ್ಪಿಸಿದರು, ಸಹ ಆಟಗಾರ ಜೆಜೆಗೆ ಕೊಟ್ಟು ನಿಲ್ಲದೆ ಒಳಗೆ ನುಗ್ಗಿದರು. ಜೆಜೆ ರಕ್ಷಕರ ತಲೆ ಮೇಲಿಂದ ಚೆಂಡನ್ನು ಎತ್ತಿ ಹಾಕಿದರು. ಛೆಟ್ರಿ ಅದನ್ನು ಬಲೆಗೆ ಸೇರಿಸಿದರು. ಆ ಓಟದಲ್ಲಿ ಭಾರತದ ಶಕ್ತಿಯೂ ಇತ್ತು, ದೌರ್ಬಲ್ಯವೂ ಇತ್ತು: ಚೆಂಡನ್ನು ತಂದವರೂ ಅವರೇ, ಮುಗಿಸಿದವರೂ ಅವರೇ. ಆ ಗುಂಪಿನಲ್ಲಿ ಭಾರತದ 11 ಗೋಲುಗಳಲ್ಲಿ 4 ಅವರವು.

ಅಕ್ಟೋಬರ್ 11ರಂದು ಮಕಾವ್ ವಿರುದ್ಧ 4–1. ಅಂದು ರಾತ್ರಿ ಕಂಠೀರವದಲ್ಲೇ, ಇನ್ನೂ ಎರಡು ಪಂದ್ಯ ಬಾಕಿ ಇರುವಾಗಲೇ, ಭಾರತ ಏಷ್ಯಾ ಕಪ್‌ಗೆ ಅರ್ಹವಾಯಿತು. 2011ರ ಏಷ್ಯಾ ಕಪ್‌ಗೆ ಹೋದದ್ದು ಎಎಫ್‌ಸಿ ಚಾಲೆಂಜ್ ಕಪ್ ಗೆದ್ದ ಬಲದಿಂದ. ಇದು ತವರು, ಹೊರನಾಡು ಎರಡೂ ಕಡೆ ಆಡಿ ಗಳಿಸಿದ ಅರ್ಹತೆ. ಕೊನೆಗೆ ಭಾರತ, ಕಿರ್ಗಿಸ್ತಾನ್ ಎರಡಕ್ಕೂ ತಲಾ 13 ಪಾಯಿಂಟ್, ಎರಡೂ ಒಳಗೆ. ಕಿರ್ಗಿಸ್ತಾನ್‌ಗೆ ಅದು ಮೊದಲ ಏಷ್ಯಾ ಕಪ್.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 2022ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಮೂರೂ ಪಂದ್ಯ ಗೆದ್ದು ಮುಂದಿನ ಏಷ್ಯಾ ಕಪ್‌ಗೂ ಹೋದೆವು. 2026ರ ವಿಶ್ವಕಪ್ ಅರ್ಹತೆಯಲ್ಲಿ ಗುವಾಹಟಿಯಲ್ಲಿ ಅಫ್ಘಾನಿಸ್ತಾನಕ್ಕೆ 1–2ರಿಂದ ಸೋತೆವು. ದೋಹಾದಲ್ಲಿ ಗೆರೆ ದಾಟಿದ ಚೆಂಡನ್ನು ಒಳಗೆಳೆದು ಕತಾರ್ ಹೊಡೆದ ಗೋಲನ್ನು ರೆಫರಿ ಒಪ್ಪಿದರು. ಅದು ಅನ್ಯಾಯ, ನಿಜ. ಆದರೆ ಅದಕ್ಕೂ ಮೊದಲು ಗುವಾಹಟಿಯಲ್ಲಿ ಕಳೆದುಕೊಂಡ ಪಾಯಿಂಟ್‌ಗಳಿಗೆ ಯಾವ ರೆಫರಿಯೂ ಹೊಣೆಯಲ್ಲ. 2027ರ ಏಷ್ಯಾ ಕಪ್ ಅರ್ಹತೆಯ ಗುಂಪು ಸಿಯಲ್ಲಿ ಹಾಂಗ್‌ಕಾಂಗ್, ಸಿಂಗಪುರ, ಬಾಂಗ್ಲಾದೇಶ ಮೂರರ ಕೈಯಲ್ಲೂ ಸೋತು 2025ರಲ್ಲೇ ಹೊರಬಿದ್ದೆವು. ನಿವೃತ್ತಿ ಹೇಳಿದ್ದ ಛೆಟ್ರಿಯನ್ನು 40ನೆಯ ವಯಸ್ಸಿನಲ್ಲಿ ಮತ್ತೆ ಕರೆತರಬೇಕಾಯಿತು. ಅದೇ ವರ್ಷದ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್ ಒಪ್ಪಂದದ ಗೊಂದಲದಿಂದ ನಿಂತುಹೋಯಿತು. ದೇಶದ ದೊಡ್ಡ ಲೀಗ್ ಯಾವಾಗ ಶುರುವೆಂದು ಆಟಗಾರರಿಗೇ ತಿಳಿಯದ ಹೊತ್ತಿನಲ್ಲಿ ಗುಂಪು ಸಿಯ ಫಲ ಬೇರೆ ಹೇಗೆ ಬರಬೇಕು? ಮಹಿಳೆಯರ ತಂಡದ್ದು ಇದಕ್ಕೆ ಎದುರು ಚಿತ್ರ. 2025ರ ಜೂನ್–ಜುಲೈನಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ನಾಲ್ಕು ಪಂದ್ಯ ಗೆದ್ದು, 24 ಗೋಲು ಹೊಡೆದು, ಒಂದೇ ಗೋಲು ಬಿಟ್ಟುಕೊಟ್ಟು, ಕೊನೆಯ ಪಂದ್ಯದಲ್ಲಿ ಆತಿಥೇಯ ಥಾಯ್ಲೆಂಡನ್ನೇ 2–1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಹೋದರು. ಅವರ ಬಗ್ಗೆ ಬೇರೆಯೇ ಲೇಖನ ಬರೆಯಬೇಕು.

ಕರ್ನಾಟಕದ ಮಟ್ಟಿಗೆ ಗುಂಪಿನ ಪಾಠ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿಯಲ್ಲೂ ಇದೆ. ಆಗಿನ ಮೈಸೂರು ರಾಜ್ಯದ ತಂಡ 1946–47ರಲ್ಲಿ ಮೊದಲ ಸಲ, ಕೊನೆಯದಾಗಿ 1968–69ರಲ್ಲಿ ಗೆದ್ದಿತ್ತು. ಆಮೇಲೆ 54 ವರ್ಷ ಕಾದು 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಮತ್ತೆ ಗೆದ್ದಿತು. ಬೆಂಗಳೂರಿನ ಗೌತಮಪುರ, ಆಸ್ಟಿನ್ ಟೌನ್‌ಗಳ ಗಲ್ಲಿಗಳಲ್ಲಿ, ಕಾರ್ಖಾನೆ ತಂಡಗಳಲ್ಲಿ ಬೆಳೆದ ಆಟ ಅದು. ಅಲ್ಲಿ ವರ್ಷವರ್ಷವೂ ಲೀಗ್ ನಡೆದದ್ದರಿಂದ ಆಟಗಾರರು ಬಂದರು. ರಾಜ್ಯದ ಫುಟ್‌ಬಾಲ್ ಬಹುಪಾಲು ಬೆಂಗಳೂರಿನಲ್ಲೇ ಉಳಿದುಕೊಂಡಿರುವುದಕ್ಕೂ ಕಾರಣ ಅದೇ: ಲೀಗ್ ಇರುವುದು ಅಲ್ಲಿ.

ಈಗ ಒಡೆಯರಪಾಳ್ಯ. ಕೊಳ್ಳೇಗಾಲದಿಂದ ಹನೂರಿನ ಕಡೆ ಹೋಗಿ, ಲೊಕ್ಕನಹಳ್ಳಿ ದಾರಿ ಹಿಡಿದರೆ ಕಾಡಿನಂಚಿನ ಎತ್ತರದ ಬಯಲಿನಲ್ಲಿ ಮುಸುಕಿನ ಜೋಳದ ಹೊಲಗಳ ನಡುವೆ ಬಣ್ಣಬಣ್ಣದ ಪ್ರಾರ್ಥನಾ ಬಾವುಟಗಳು ಕಾಣುತ್ತವೆ. ಸುತ್ತಲಿನವರ ಬಾಯಲ್ಲಿ ಅದು ‘ಟಿಬೆಟ್ ಕ್ಯಾಂಪ್’. ಅದರ ಹೆಸರು ಧೊಂಡೆನ್‌ಲಿಂಗ್. 1970ರ ದಶಕದಲ್ಲಿ, ದೇವರಾಜ ಅರಸರ ಕಾಲದಲ್ಲಿ ನೆಲೆಗೊಂಡ ವಸಾಹತು. ಬೈಲಕುಪ್ಪೆಯ ಎರಡು, ಮುಂಡಗೋಡ, ಹುಣಸೂರು, ಕೊಳ್ಳೇಗಾಲ — ಹೀಗೆ ಕರ್ನಾಟಕದಲ್ಲಿ ಐದು ಟಿಬೆಟನ್ ವಸಾಹತುಗಳು. ಇಲ್ಲಿ ಹುಟ್ಟಿ ಬೆಳೆದವರು ಸಂತೆಯಲ್ಲಿ ನಮ್ಮ ಸೀಮೆಯ ಕನ್ನಡವನ್ನೇ ಆಡುತ್ತಾರೆ. ಆನೆಗಳು ನುಗ್ಗಿದರೆ ಅವರ ಜೋಳವೂ ಹೋಗುತ್ತದೆ, ಪಕ್ಕದ ಪಾಳ್ಯದವರ ರಾಗಿಯೂ ಹೋಗುತ್ತದೆ. ಚಳಿಗಾಲ ಬಂದರೆ ಅನೇಕ ಮನೆಯವರು ಸ್ವೆಟರ್ ಮಾರಲು ದೂರದ ಊರುಗಳಿಗೆ ಹೊರಡುತ್ತಾರೆ.

ಈ ಜನರಿಗೆ ಫುಟ್‌ಬಾಲ್ ಎಂದರೆ ಪ್ರಾಣ. ದಲೈ ಲಾಮಾ ಅವರ ತಾಯಿಯ ನೆನಪಿನಲ್ಲಿ 1981ರಲ್ಲಿ ಶುರುವಾದ ಗ್ಯಾಲ್ಯುಮ್ ಚೆನ್ಮೊ ಗೋಲ್ಡ್ ಕಪ್‌ಗೆ ದೇಶದ ಬೇರೆ ಬೇರೆ ವಸಾಹತುಗಳ ತಂಡಗಳು ಬರುತ್ತವೆ. ಹಿಮಾಲಯದ ತಪ್ಪಲಿನಿಂದ ಬೈಲಕುಪ್ಪೆಯವರೆಗೆ ಚದುರಿದ ಸಮುದಾಯ ಆ ಹತ್ತು ಹದಿನೈದು ದಿನ ಒಂದೇ ಮೈದಾನದಲ್ಲಿ ಸೇರುತ್ತದೆ. ಆ ಪಂದ್ಯಾವಳಿಯೇ ಟಿಬೆಟ್ ತಂಡಕ್ಕೆ ಆಟಗಾರರನ್ನು ಕೊಟ್ಟದ್ದು. ಭಾರತ ಬೆಂಗಳೂರಿನಲ್ಲಿ ಯುಎಇಯನ್ನು ಸೋಲಿಸಿದ ಅದೇ 2001ರ ಜೂನ್ 30ರಂದು ಆ ತಂಡ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿತು. ಎದುರಾಳಿ ಗ್ರೀನ್‌ಲ್ಯಾಂಡ್. ಪಂದ್ಯ ನಡೆಯದಂತೆ ಚೀನಾ ಒತ್ತಡ ಹೇರಿತು, ಆದರೂ ನಡೆಯಿತು. ಗ್ರೀನ್‌ಲ್ಯಾಂಡ್ 4–1ರಿಂದ ಗೆದ್ದಿತು. ಆ ತಂಡದ ಬಗ್ಗೆ ‘ದಿ ಫರ್ಬಿಡನ್ ಟೀಮ್’ ಎಂಬ ಸಾಕ್ಷ್ಯಚಿತ್ರ 2003ರಲ್ಲಿ ಬಂತು.

ಟಿಬೆಟ್‌ಗೆ ಫಿಫಾದಲ್ಲಿ ಜಾಗವಿಲ್ಲ. ಹಾಗಾಗಿ ಅರ್ಹತಾ ಗುಂಪೂ ಇಲ್ಲ. ಸ್ವತಂತ್ರ ರಾಷ್ಟ್ರವಲ್ಲವೆಂಬುದು ಕಾರಣ. ಇಲ್ಲಿ ನಾನು ಓದುಗರನ್ನು ಮೇಲಿನ ಪಟ್ಟಿಗಳ ಕಡೆಗೆ ಮತ್ತೆ ಕರೆಯಬೇಕು. ಗುಂಪು ಡಿಯಲ್ಲಿ ನಮ್ಮನ್ನು ಸೋಲಿಸಿದ ಗುವಾಮ್ ಸ್ವತಂತ್ರವೇ? ಅದು 1996ರಿಂದ ಫಿಫಾ ಸದಸ್ಯ. ಕಂಠೀರವದಲ್ಲಿ ನಾವು 4–1ರಿಂದ ಗೆದ್ದ ಮಕಾವ್, 2025ರಲ್ಲಿ ನಮ್ಮನ್ನು ಸೋಲಿಸಿದ ಹಾಂಗ್‌ಕಾಂಗ್ — ಎರಡೂ ಚೀನಾದ ಭಾಗಗಳೇ. ಹಾಂಗ್‌ಕಾಂಗ್ 1954ರಲ್ಲಿ, ಮಕಾವ್ 1978ರಲ್ಲಿ, ಪರರ ಆಳ್ವಿಕೆಯಲ್ಲಿದ್ದಾಗಲೇ ಸದಸ್ಯರಾದವು. ಮೊದಲೇ ಒಳಗೆ ಹೋದವರು ಒಳಗೇ ಉಳಿದರು. ತಡವಾಗಿ ಬಂದವರಿಗೆ ನಿಯಮ ಅಡ್ಡ ಬಂತು. ಅಡ್ಡ ಬಂದ ನಿಯಮವೂ ಎಲ್ಲರಿಗೂ ಅಡ್ಡವಾಗಿಲ್ಲ. 2006ರಲ್ಲಿ ಹ್ಯಾಂಬರ್ಗ್‌ನಲ್ಲಿ ಫಿಫಾ ಸದಸ್ಯರಲ್ಲದವರ ಪಂದ್ಯಾವಳಿ ನಡೆದಾಗ ಟಿಬೆಟ್‌ನ ಗುಂಪಿನಲ್ಲಿ ಜಿಬ್ರಾಲ್ಟರ್ ಇತ್ತು. ಅದೂ ಸ್ವತಂತ್ರ ದೇಶವಲ್ಲ, ಬ್ರಿಟಿಷ್ ಆಡಳಿತದ ಒಂದು ಬಂಡೆಗುಡ್ಡ. ವರ್ಷಗಟ್ಟಲೆ ಕಾನೂನು ಹೋರಾಟ ಮಾಡಿ ಜಿಬ್ರಾಲ್ಟರ್ 2013ರಲ್ಲಿ ಯುರೋಪಿನ ಒಕ್ಕೂಟಕ್ಕೆ, 2016ರಲ್ಲಿ ಫಿಫಾಗೆ ಸೇರಿತು. ಜರ್ಮನಿಯ ಜೊತೆ ಒಂದೇ ಅರ್ಹತಾ ಗುಂಪಿನಲ್ಲಿ ಆಡಿತು. ಟಿಬೆಟ್ ಇದ್ದಲ್ಲೇ ಇದೆ. ಗ್ರೀನ್‌ಲ್ಯಾಂಡ್‌ನ ಅರ್ಜಿಯನ್ನೂ ಉತ್ತರ ಅಮೆರಿಕ ವಲಯದ ಒಕ್ಕೂಟ 2025ರಲ್ಲಿ ತಳ್ಳಿಹಾಕಿತು.

ಟಿಬೆಟ್‌ಗೆ ನಿಜವಾದ ಗುಂಪು ಸಿಕ್ಕದ್ದು 2018ರಲ್ಲಿ ಲಂಡನ್‌ನಲ್ಲಿ. ಫಿಫಾ ಹೊರಗಿನವರ ಒಕ್ಕೂಟವಾದ ಕೊನಿಫಾ ನಡೆಸಿದ ವಿಶ್ವ ಫುಟ್‌ಬಾಲ್ ಕಪ್‌ನಲ್ಲಿ 16 ತಂಡಗಳಿದ್ದವು. ಟಿಬೆಟ್ ಇದ್ದ ಗುಂಪು ಬಿ ಬಹಳ ಕಠಿಣವಾದದ್ದು: ಹಿಂದಿನ ಚಾಂಪಿಯನ್ ಅಬ್ಖಾಜಿಯಾ, ಆ ವರ್ಷ ಫೈನಲ್ ಆಡಿದ ಉತ್ತರ ಸೈಪ್ರಸ್, ಕಪ್ ಗೆದ್ದ ಕಾರ್ಪಟಾಲ್ಯ. ಮೂರೂ ಪಂದ್ಯ ಸೋತರು. ಸೋತರೂ ಆ ಹುಡುಗರಿಗೆ ಒಂದು ಪಟ್ಟಿಯಲ್ಲಿ ತಮ್ಮ ಹೆಸರು ನೋಡುವ ಅವಕಾಶ ಸಿಕ್ಕಿತು. ಅದೂ ಸುಲಭವಾಗಿ ಸಿಗುವಂಥದ್ದಲ್ಲ. ಟಿಬೆಟನ್ ನಿರಾಶ್ರಿತರು ವಿದೇಶಕ್ಕೆ ಹೋಗುವುದು ಪಾಸ್‌ಪೋರ್ಟ್ ಮೇಲಲ್ಲ, ಭಾರತ ಸರ್ಕಾರ ಕೊಡುವ ಹಳದಿ ಬಣ್ಣದ ಗುರುತಿನ ಪುಸ್ತಕದ ಮೇಲೆ. ವೀಸಾ ಅಧಿಕಾರಿಗಳು ಅದನ್ನು ಅನುಮಾನದಿಂದಲೇ ನೋಡುತ್ತಾರೆ. 2017ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಆಡಬೇಕಿದ್ದ ಟಿಬೆಟನ್ ಹುಡುಗಿಯರಿಗೆ ವೀಸಾ ನಿರಾಕರಿಸಿದರು. ತಂಡ ಹೋಗಲೇ ಇಲ್ಲ.

ಹಾಗಾದರೆ ಅವರು ಭಾರತಕ್ಕೆ ಆಡಬಹುದಲ್ಲವೇ? ಕಾನೂನಿನ ಉತ್ತರ ಹುಟ್ಟಿದ ತಾರೀಖಿನ ಮೇಲೆ ನಿಂತಿದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪ್ರಜೆಗಳು. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ, ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದವು. ಅವರ ಮಕ್ಕಳಿಗೂ ಹಕ್ಕು ಕೇಳುವ ದಾರಿ ಇದೆ. ಆದರೆ ಭಾರತದ ಪಾಸ್‌ಪೋರ್ಟ್ ತೆಗೆದುಕೊಂಡರೆ ಟಿಬೆಟನ್ ಎಂಬ ಗುರುತು, ವಸಾಹತಿನ ಸವಲತ್ತು ಎಲ್ಲಿ ಹೋಗುತ್ತವೋ ಎಂಬ ಅಳುಕು ಅನೇಕ ಮನೆಗಳಲ್ಲಿ ಇದೆ. ಅದು ಅವರವರು ತೀರ್ಮಾನಿಸಬೇಕಾದ ವಿಷಯ. ಹೊರಗಿನವರಾದ ನಾವು ಒತ್ತಾಯಿಸುವುದು ತಪ್ಪು.

ನಾವು ಮಾಡಬಹುದಾದದ್ದು ಬೇರೆ ಇದೆ. ಒಡೆಯರಪಾಳ್ಯದ ಹುಡುಗನಿಗೆ ಅಂತರರಾಷ್ಟ್ರೀಯ ಗುಂಪು ಕೊಡುವುದು ನಮ್ಮ ಕೈಯಲ್ಲಿಲ್ಲ. ಹನೂರು, ಯಳಂದೂರಿನ ಹುಡುಗನಿಗೂ ಇಂದು ಯಾವ ಗುಂಪೂ ಇಲ್ಲ; ಅದು ಮಾತ್ರ ನಮ್ಮ ಕೈಯಲ್ಲಿದೆ. ನಮ್ಮ ಶಾಲಾ ಕ್ರೀಡಾಕೂಟ ಹೇಗೆ ನಡೆಯುತ್ತದೆ ನೋಡಿ. ಬೆಳಿಗ್ಗೆ ಟೆಂಪೊದಲ್ಲಿ, ಸರ್ಕಾರಿ ಬಸ್ಸಿನಲ್ಲಿ ಮಕ್ಕಳು ತಾಲ್ಲೂಕು ಕೇಂದ್ರಕ್ಕೆ ಬರುತ್ತಾರೆ. ಉದ್ಘಾಟನೆ, ಭಾಷಣ, ಧ್ವಜವಂದನೆ ಮುಗಿಯುವಷ್ಟರಲ್ಲಿ ಹನ್ನೊಂದು ಗಂಟೆ. ಒಂದೇ ದಿನದಲ್ಲಿ ಎಲ್ಲ ಮುಗಿಸಬೇಕಾದ್ದರಿಂದ ಪಂದ್ಯದ ಅವಧಿಯನ್ನೇ ಕತ್ತರಿಸುತ್ತಾರೆ. ಬೆಟ್ಟದ ಮೇಲಿನ ಶಾಲೆಯ ತಂಡ ಒಂದು ಗೋಲಿನಿಂದ ಸೋತರೆ ಮುಗಿಯಿತು, ಮಧ್ಯಾಹ್ನದ ಚಿತ್ರಾನ್ನ ತಿಂದು ವಾಪಸ್ ಹೋಗಬೇಕು. ಆ ಮಕ್ಕಳ ಫುಟ್‌ಬಾಲ್ ಮತ್ತೆ ಮುಂದಿನ ವರ್ಷಕ್ಕೆ. ಬಿಳಿಗಿರಿರಂಗನ ಬೆಟ್ಟದ, ಮಲೆ ಮಹದೇಶ್ವರ ಬೆಟ್ಟದ ಪೋಡುಗಳ ಸೋಲಿಗ ಮಕ್ಕಳ ಕಾಲಿನ ಕಸುವು, ಉಸಿರಿನ ದಮ್ಮು ಕಂಡವರಿಗೆ ಗೊತ್ತು. ಅವರನ್ನು ವರ್ಷಕ್ಕೆ ಒಂದು ಪಂದ್ಯ ಆಡಿಸಿ ಪ್ರತಿಭೆ ಇಲ್ಲವೆಂದು ಹೇಳುವುದು ಅನ್ಯಾಯ. ದೈಹಿಕ ಶಿಕ್ಷಕರನ್ನು ದೂರುವಂತೆಯೂ ಇಲ್ಲ. ಎಷ್ಟೋ ಶಾಲೆಗಳಲ್ಲಿ ಆ ಹುದ್ದೆಯೇ ಖಾಲಿ.

ಈ ಸೀಮೆ ಗಡಿಗಳ ನಡುವೆ ಬದುಕಿ ಅಭ್ಯಾಸವಾದದ್ದು. ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಾಗಿತ್ತು. ಹನೂರು ತಾಲ್ಲೂಕಾದದ್ದು ಇತ್ತೀಚೆಗೆ. ಕನ್ನಡ, ತಮಿಳು, ಸೋಲಿಗರ ನುಡಿ, ಟಿಬೆಟನ್ ಎಲ್ಲ ಒಂದೇ ಸಂತೆಯಲ್ಲಿ ಕೇಳುತ್ತವೆ. ನಾಲ್ಕು ತಂಡಗಳ ಒಂದು ಗುಂಪಿಗೆ ಇದಕ್ಕಿಂತ ಒಳ್ಳೆಯ ನೆಲ ಬೇಕೇ? ಕೊಳ್ಳೇಗಾಲ, ಹನೂರು, ಯಳಂದೂರು, ಒಡೆಯರಪಾಳ್ಯದ ಕ್ಯಾಂಪ್. ಪ್ರತಿ ತಂಡವೂ ತನ್ನೂರಲ್ಲಿ ಮೂರು, ಹೊರಗೆ ಮೂರು ಪಂದ್ಯ ಆಡಲಿ. ಒಟ್ಟು 12 ಪಂದ್ಯ. ಭಾನುವಾರಕ್ಕೆ ಎರಡರಂತೆ ಆರು ಭಾನುವಾರ ಸಾಕು. ಕೊಳ್ಳೇಗಾಲದಲ್ಲಿ ಎಂ.ಜಿ.ಎಸ್.ವಿ. ಕಾಲೇಜು ಮೈದಾನ ಇದೆ. ಹನೂರಿಗೆ ಅಲ್ಲಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ, ಯಳಂದೂರಿಗೆ ಅದಕ್ಕಿಂತ ಕಡಿಮೆ.

ಕಾಲ ನಿರ್ಧರಿಸುವಾಗ ಮಾತ್ರ ಎಚ್ಚರ ಬೇಕು. ಚಳಿಗಾಲದಲ್ಲಿ ಕ್ಯಾಂಪಿನ ಯುವಕರು ಸ್ವೆಟರ್ ವ್ಯಾಪಾರಕ್ಕೆ ಹೋಗಿರುತ್ತಾರೆ. ಅವರ ಲೋಸರ್ ಹೊಸ ವರ್ಷ, ಶಿವರಾತ್ರಿಗೆ ಮಾದಪ್ಪನ ಜಾತ್ರೆ, ಆಮೇಲೆ ಪರೀಕ್ಷೆ, ಯುಗಾದಿ ಜಾತ್ರೆ. ಇದೆಲ್ಲ ಮುಗಿದ ಮೇಲೆ ಬೇಸಿಗೆ ರಜೆಯಲ್ಲಿ, ಬಿಸಿಲು ಇಳಿದ ಸಂಜೆಗಳಲ್ಲಿ ಆಡಬಹುದು. ಗೆದ್ದ ತಂಡ ಮೈಸೂರಿಗೋ ಬೆಂಗಳೂರಿಗೋ ಹೋಗಿ ಅಲ್ಲಿನ ಲೀಗ್ ತಂಡದ ಜೊತೆ ಒಂದು ಪಂದ್ಯ ಆಡುವಂತಾದರೆ ಹುಡುಗರಿಗೆ ಮುಂದಿನ ಮೆಟ್ಟಿಲು ಎಷ್ಟು ದೂರವೆಂಬುದು ತಿಳಿಯುತ್ತದೆ. ಎರಡನೆಯ ವರ್ಷ ಹುಡುಗಿಯರ ಗುಂಪನ್ನೂ ಸೇರಿಸಬೇಕು. ಚಿಯಾಂಗ್ ಮಾಯ್‌ನ ಫಲ ಕಂಡ ಮೇಲೆ ಅದನ್ನು ಮುಂದೂಡಲು ಕಾರಣವೇ ಇಲ್ಲ.

ಇದಕ್ಕೆ ದೊಡ್ಡ ಕ್ರೀಡಾಂಗಣ ಬೇಕಿಲ್ಲ, ಪ್ರಾಯೋಜಕರಿಗಾಗಿ ಕಾಯಬೇಕಿಲ್ಲ. ಸುಣ್ಣದ ಗೆರೆ, ಎರಡು ಜೊತೆ ಕಂಬ, ಬಲೆ, ಒಬ್ಬ ಪಕ್ಷಪಾತವಿಲ್ಲದ ರೆಫರಿ, ಹೊರಗಿನ ಪಂದ್ಯಕ್ಕೆ ಹೋಗುವ ತಂಡಕ್ಕೆ ಒಂದು ವಾಹನ, ಪಾಯಿಂಟ್ ಪಟ್ಟಿಯನ್ನು ಪ್ರತಿ ಸೋಮವಾರ ನಾಲ್ಕೂ ಊರಿನ ಬಸ್ ನಿಲ್ದಾಣದಲ್ಲಿ ಅಂಟಿಸುವ ಒಬ್ಬ ವ್ಯಕ್ತಿ — ಇಷ್ಟು ಸಾಕು. ಯುವಜನ ಸೇವೆ ಮತ್ತು ಕ್ರೀಡಾ ಇಲಾಖೆಯವರು, ಕಾಲೇಜುಗಳ ದೈಹಿಕ ಶಿಕ್ಷಣ ವಿಭಾಗದವರು, ಕ್ಯಾಂಪಿನ ಕಚೇರಿಯವರು ಒಮ್ಮೆ ಒಟ್ಟಿಗೆ ಕೂತು ಮಾತಾಡಬೇಕು. ಈ ಮೂರು ತಾಲ್ಲೂಕುಗಳ ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ: ನಿಮ್ಮೂರಿನಲ್ಲಿ ಫುಟ್‌ಬಾಲ್ ಆಡಿದವರು, ಆಡಿಸಿದವರು ಯಾರಾದರೂ ಇದ್ದರೆ ಈ ವಾರವೇ ಅವರನ್ನು ಕಂಡು ಈ ಆರು ಭಾನುವಾರಗಳ ವಿಷಯ ಎತ್ತಿ.